ಹೆಸರು ಮೊದಲು, ಕಥೆ ಅನಂತರ



ವಾಲ್ಮೀಕಿಯ ಬಾಲಕಾಂಡವನ್ನು ಓದುವವರು ಸಾಮಾನ್ಯವಾಗಿ ತಾಟಕೆಯ ವಧೆ, ಯಾಗದ ರಕ್ಷಣೆ, ಅಹಲ್ಯೆಯ ಶಾಪವಿಮೋಚನೆ, ಶಿವಧನುಸ್ಸಿನ ಭಂಗ, ಇವುಗಳ ಮೇಲೆ ಕಣ್ಣಿಟ್ಟು ಸಾಗುವುದರಿಂದ, ಆ ಘಟನೆಗಳ ನಡುವೆ ಕವಿ ಹಾಸಿಟ್ಟಿರುವ ದಾರಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಯೋಧ್ಯೆಯಿಂದ ಸರಯೂತೀರವನ್ನು ಹಿಡಿದು ಗಂಗಾಸಂಗಮಕ್ಕೆ ಬಂದು, ದೋಣಿಯಲ್ಲಿ ನದಿಯನ್ನು ದಾಟಿ, ಸಿದ್ಧಾಶ್ರಮವನ್ನು ಸೇರಿ, ಅಲ್ಲಿಂದ ಶೋಣನದದ ದಡದಲ್ಲಿ ಒಂದಿರುಳು ತಂಗಿ, ಮತ್ತೆ ಗಂಗೆಯನ್ನು ದಾಟಿ ವಿಶಾಲಾನಗರಿಯ ಮೂಲಕ ಮಿಥಿಲೆಯನ್ನು ಮುಟ್ಟುವ ಆ ದಾರಿಯುದ್ದಕ್ಕೂ, ಬಿಲ್ಲುಗಳನ್ನು ಹಿಡಿದು ವಿಶ್ವಾಮಿತ್ರನ ಹಿಂದೆ ನಡೆಯುವ ರಾಮಲಕ್ಷ್ಮಣರು ಮತ್ತೆ ಮತ್ತೆ ಕೇಳುವುದು ಒಂದೇ ಬಗೆಯ ಪ್ರಶ್ನೆಯನ್ನು: ಈ ಆಶ್ರಮ ಯಾರದು, ಈ ವನ ಯಾವುದು, ಈ ದೇಶ ಯಾರ ಆಳ್ವಿಕೆಗೆ ಸೇರಿದ್ದು? ಮಹರ್ಷಿಯು ಒಂದು ಸಲವೂ ಬೇಸರಗೊಳ್ಳದೆ ಪ್ರತಿಯೊಂದಕ್ಕೂ ಒಂದೊಂದು ಕಥೆಯನ್ನು ಹೇಳುತ್ತಾನೆ. ಊರು, ಹೊಳೆ, ದೇಶಗಳಿಗೆ ಹೆಸರು ಬಂದ ಬಗೆಯನ್ನು ತಿಳಿಯಬಯಸುವವನಿಗೆ ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲವೆಂದು ನನ್ನ ಭಾವನೆ.

ಅದರ ಒಂದೆರಡು ಪುಟಗಳನ್ನು ನೋಡೋಣ. ಗಂಗೆಯೂ ಸರಯುವೂ ಕೂಡುವಲ್ಲಿ ಒಂದು ಪುಣ್ಯಾಶ್ರಮವಿದೆ. ಹಿಂದೆ ಮನ್ಮಥನು ಮೂರ್ತಿವಂತನಾಗಿದ್ದ ಕಾಲದಲ್ಲಿ ತಪೋನಿರತನಾದ ಸ್ಥಾಣುವನ್ನು, ಎಂದರೆ ಶಿವನನ್ನು, ಕೆಣಕಿ, ಆತನ ಕಣ್ಣಿನ ಉರಿಯಿಂದ ಬೆಂದು, ತನ್ನ ಅಂಗಗಳನ್ನು ಕಳಚಿಕೊಂಡದ್ದು ಈ ನೆಲದಲ್ಲಿಯಾದುದರಿಂದ ಇದಕ್ಕೆ ಅಂಗದೇಶವೆಂದು ಹೆಸರಾಯಿತೆಂದು ಮಹರ್ಷಿ ಹೇಳುತ್ತಾನೆ. ಮರುದಿನ ನಡುಹೊಳೆಯಲ್ಲಿ ನೀರಿಗೆ ನೀರು ಬಡಿಯುವ ಭೋರ್ಗರೆತವನ್ನು ಕೇಳಿದ ರಾಮನು ಅದೇನೆಂದು ಕೇಳಲಾಗಿ, ಬ್ರಹ್ಮನು ಕೈಲಾಸದಲ್ಲಿ ಮನಸ್ಸಿನಿಂದಲೇ ನಿರ್ಮಿಸಿದ ಸರಸ್ಸಿನಿಂದ ಹೊರಟದ್ದರಿಂದ ಈ ನದಿಗೆ ಸರಯುವೆಂಬ ಹೆಸರು ಬಂದಿತೆಂಬ ಉತ್ತರ ದೊರೆಯುತ್ತದೆ. ದಕ್ಷಿಣದ ದಡವನ್ನೇರಿದರೆ ಝಿಲ್ಲಿಕೆಗಳ ಸದ್ದಿನಿಂದ ತುಂಬಿದ ಘೋರಾರಣ್ಯ. ಅಲ್ಲಿ ಒಂದು ಕಾಲಕ್ಕೆ ಮಲದ, ಕರೂಷವೆಂಬ ಎರಡು ಸಮೃದ್ಧ ಜನಪದಗಳಿದ್ದುವು. ವೃತ್ರನನ್ನು ಕೊಂದು ಬ್ರಹ್ಮಹತ್ಯೆಗೆ ಸಿಲುಕಿದ ಇಂದ್ರನನ್ನು ಮಲವೂ ಹಸಿವೂ ಆವರಿಸಿಕೊಳ್ಳಲು, ದೇವತೆಗಳೂ ಋಷಿಗಳೂ ಅವನನ್ನು ಆ ನೆಲದ ಮೇಲೆ ನಿಲ್ಲಿಸಿ ಕಲಶೋದಕಗಳಿಂದ ಮೀಯಿಸಿದರು. ಅವನ ಮೈಯ ಮಲವೂ ಕಾರೂಷವೆಂಬ ಹಸಿವೂ ಅಲ್ಲಿಯೇ ಉದುರಿದುವು. ತನ್ನ ಕೊಳೆಯನ್ನು ಹೊತ್ತುಕೊಂಡ ನೆಲಕ್ಕೆ ಕೃತಜ್ಞನಾದ ಇಂದ್ರನು ಆ ಹೆಸರುಗಳಿಂದಲೇ ಅದು ಲೋಕದಲ್ಲಿ ಪ್ರಖ್ಯಾತವಾಗಲೆಂದು ವರವಿತ್ತನು.

ಇಲ್ಲಿ ನಿಂತು ಕೊಂಚ ಆಲೋಚಿಸಬೇಕು. ಯಾವ ದೇಶದ ಜನರಾದರೂ ತಮ್ಮ ನಾಡಿಗೆ ತಾವಾಗಿ ಕೊಳೆಯ ಹೆಸರನ್ನೂ ಹಸಿವಿನ ಹೆಸರನ್ನೂ ಇಟ್ಟುಕೊಂಡಾರೆ? ಹಸಿವೆಂಬ ಅರ್ಥದಲ್ಲಿ ಆ ಕರೂಷಶಬ್ದವು ಕಾವ್ಯಭಾಷೆಯಲ್ಲಿ ತೀರ ಅಪರೂಪವಾದುದು. ಮಹಾಭಾರತದಲ್ಲಿ ಕರೂಷರೆಂಬುದು ಒಂದು ಜನಸಮುದಾಯದ ಹೆಸರು. ದಂತವಕ್ರನು ಅವರ ಅರಸು. ಆ ಹೆಸರುಗಳು ಮೊದಲೇ ಇದ್ದುವು. ಅವುಗಳ ಅರ್ಥ ಮರೆತುಹೋಗಿತ್ತು, ಅಥವಾ ಸಂಸ್ಕೃತದಲ್ಲಿ ಅವಕ್ಕೆ ಅರ್ಥವೇ ಇದ್ದಿಲ್ಲ. ಸಂಸ್ಕೃತದ ಕಿವಿಗೆ ಕೇಳಿಬಂದ ಧ್ವನಿಯನ್ನು ಹಿಡಿದು ಕಥೆಯು ಅನಂತರ ಹುಟ್ಟಿತು. ಸರಯುವಿನದೂ ಹೀಗೆಯೆ. ಈ ಹೆಸರು ಋಗ್ವೇದದಲ್ಲಿಯೇ ಉಂಟು. ಹರಿಯುವುದೆಂಬ ಅರ್ಥದ ಧಾತುವಿಗೆ ಅದು ಸೇರಿದ್ದು. ಪಾರಸಿಕರ ಅವೆಸ್ತಾದಲ್ಲಿ ಇದೇ ಶಬ್ದವು ಸಕಾರದ ಬದಲು ಹಕಾರವನ್ನು ತಾಳಿ ಹರೋಯು ಎಂಬ ರೂಪದಲ್ಲಿ, ಇಂದಿನ ಹೆರಾತ್ ಪ್ರಾಂತವನ್ನು ಹೇಳುತ್ತದೆ. ಕೈಲಾಸದ ಸರಸ್ಸಿನ ಕಥೆ ರಚಿತವಾಗುವುದಕ್ಕೆ ಎಷ್ಟೋ ಮುಂಚೆ, ಎಷ್ಟೋ ದೂರದಲ್ಲಿ, ಆ ಹೆಸರು ಜನರ ಬಾಯಲ್ಲಿದ್ದಿತು. ಇತಿಹಾಸಕಾವ್ಯಗಳ ಸ್ಥಳನಾಮಗಳಲ್ಲಿ ಬಹುಪಾಲು ಹೆಸರು ಮೊದಲು, ಕಥೆ ಅನಂತರ. ಆದರೆ ಅನಂತರ ಬಂದುದೆಂಬ ಮಾತ್ರಕ್ಕೆ ಕಥೆಯು ತಿರಸ್ಕಾರಕ್ಕೆ ಅರ್ಹವೆಂದು ನಾನು ಎಣಿಸುವುದಿಲ್ಲ. ಹೆಸರು ಹೇಗೆ ಹುಟ್ಟಿತೆಂಬುದನ್ನು ಅದು ಹೇಳದಿದ್ದರೂ, ಆ ನೆಲವನ್ನು ಜನರು ಯಾವ ಭಾವದಿಂದ ಕಂಡರೆಂಬುದನ್ನು ತಪ್ಪದೆ ಹೇಳುತ್ತದೆ.

ಈ ವಿವೇಕವನ್ನು ನಾವು ಹೊರಗಿನಿಂದ ಕಡ ತರಬೇಕಾದುದಿಲ್ಲ. ಶಲಾತುರದ ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಊರು ದೇಶಗಳ ಹೆಸರುಗಳು ಹುಟ್ಟುವುದಕ್ಕೆ ನಾಲ್ಕು ಕಾರಣಗಳನ್ನು ಎಣಿಸಿದ್ದಾನೆ: ಇಂಥ ವಸ್ತು ಅಲ್ಲಿದೆಯೆಂಬುದು, ಇಂಥವನು ಅದನ್ನು ಕಟ್ಟಿಸಿದನೆಂಬುದು, ಇಂಥವರು ಅಲ್ಲಿ ವಾಸಿಸುವರೆಂಬುದು, ಇಂಥದರ ಸಮೀಪದಲ್ಲಿ ಅದು ಇರುವುದೆಂಬುದು. ಅತ್ತಿಯ ಮರಗಳಿರುವ ನಾಡು ಔದುಂಬರ. ಕುಶಾಂಬನು ಕಟ್ಟಿಸಿದ ನಗರಿ ಕೌಶಾಂಬಿ. ವಿದಿಶೆಯ ಬಳಿಯದು ವೈದಿಶ. ಇಂದಿಗೂ ನಮ್ಮ ಹಳ್ಳಿಗಳ ಹೆಸರುಗಳನ್ನು ವಿಂಗಡಿಸುವವರು ಈ ನಾಲ್ಕನ್ನು ಮೀರಿ ಬಹುದೂರ ಹೋಗಲಾರರು. ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದಲ್ಲ. ಮೊದಲನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಅದೇ ಆಚಾರ್ಯನು ಆಡಿರುವ ಎರಡು ಮೂರು ಚಿಕ್ಕ ಸೂತ್ರಗಳು. ಪಂಚಾಲರೆಂಬ ಕ್ಷತ್ರಿಯರು ವಾಸಿಸಿದುದರಿಂದ ಆ ದೇಶ ಪಂಚಾಲವೆನಿಸಿತೆಂದು ವೈಯಾಕರಣರು ಸಾಧಿಸುವುದುಂಟಷ್ಟೆ. ಹೆಸರಿಗೆ ಆ ಸಂಬಂಧವೇ ಪ್ರಮಾಣವಾಗಿದ್ದರೆ, ಸಂಬಂಧ ಕಡಿದುಹೋದ ದಿನ ಹೆಸರೂ ಅಳಿಯಬೇಕಾಗಿತ್ತು, ಅಳಿಯಲಿಲ್ಲ, ಆ ಕ್ಷತ್ರಿಯರ ಸಂಬಂಧವನ್ನು ಸ್ವಲ್ಪವೂ ನೆನೆಯದವರು ಕೂಡ ಆ ನೆಲವನ್ನು ಪಂಚಾಲವೆಂದೇ ಕರೆಯುತ್ತಾರೆ, ಆದುದರಿಂದ ಹೆಸರಿಗೆ ಲೋಕದ ಬಳಕೆಯೇ ಪ್ರಮಾಣ, ವ್ಯುತ್ಪತ್ತಿಯಲ್ಲ, ಎಂಬುದು ಆ ಸೂತ್ರಗಳ ತಾತ್ಪರ್ಯ. ಶಬ್ದಗಳನ್ನು ಬಿಡಿಸಿ ತೋರಿಸುವುದನ್ನೇ ಜೀವನದ ಕಾರ್ಯವನ್ನಾಗಿ ಮಾಡಿಕೊಂಡ ಮಹಾಪುರುಷನು ಶಬ್ದವನ್ನು ಬಿಡಿಸುವ ವಿದ್ಯೆಗೆ ತಾನೇ ಎಲ್ಲೆಯನ್ನು ಹಾಕಿದನಲ್ಲ, ಆ ಗಾಂಭೀರ್ಯಕ್ಕೆ ನಾವು ತಲೆಬಾಗಬೇಕು. ಅದೇ ಪಂಚಾಲಕ್ಕೆ ವಿಷ್ಣುಪುರಾಣವು ಕೊಡುವ ಕಥೆ ಬೇರೆ: ಹರ್ಯಶ್ವನಿಗೆ ಐವರು ಮಕ್ಕಳು, ನಾಡನ್ನು ಕಾಯಲು ಈ ಐವರೇ ಸಾಕು, ಅಲಂ, ಎಂದು ತಂದೆ ಹೇಳಿದನಂತೆ. ಶತಪಥಬ್ರಾಹ್ಮಣವೋ ಪಂಚಾಲರನ್ನು ಹಿಂದೆ ಕ್ರಿವಿಗಳೆಂದು ಕರೆಯುತ್ತಿದ್ದರೆಂದು ಸರಳವಾಗಿ ತಿಳಿಸಿ ಮುಂದಕ್ಕೆ ಹೋಗುತ್ತದೆ.

ಈ ಬೆಳಕಿನಲ್ಲಿ ಹಸ್ತಿನಾಪುರವನ್ನು ನೋಡಬಹುದು. ಭರತನ ಮಗ ಭುಮನ್ಯು, ಅವನ ಮಗ ಸುಹೋತ್ರ, ಸುಹೋತ್ರನ ಮಗ ಹಸ್ತಿ. ಆ ಹಸ್ತಿಯು ಕಟ್ಟಿಸಿದ ನಗರವೇ ಹಾಸ್ತಿನಪುರವೆಂದು ಮಹಾಭಾರತದ ಆದಿಪರ್ವದ ವಂಶಾವಳಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅದೇ ಆದಿಪರ್ವದಲ್ಲಿ, ಕಣ್ವರ ಶಿಷ್ಯರು ಶಕುಂತಲೆಯನ್ನೂ ಅವಳ ಮಗನನ್ನೂ ದುಷ್ಯಂತನ ಬಳಿಗೆ ಕರೆದೊಯ್ಯುವಾಗ ಹೊರಡುವುದು ಎಲ್ಲಿಗೆ? ಗಜಸಾಹ್ವಯಕ್ಕೆ, ಅಂದರೆ ಆನೆಯ ಹೆಸರನ್ನು ಹೊತ್ತ ಇದೇ ಪಟ್ಟಣಕ್ಕೆ. ದುಷ್ಯಂತನು ಭರತನ ತಂದೆ. ಹಸ್ತಿಯಾದರೋ ಭರತನ ಮರಿಮಗ. ಕಟ್ಟಿಸಿದವನು ಹುಟ್ಟುವುದಕ್ಕೆ ನಾಲ್ಕು ತಲೆಮಾರು ಮುಂಚೆಯೇ ಊರು ತನ್ನ ಹೆಸರಿನೊಡನೆ ನಿಂತಿದೆ. ಇದನ್ನು ಕವಿಯ ಅನವಧಾನವೆಂದು ತೆಗೆದುಹಾಕುವುದು ಸುಲಭ. ನನಗೆ ತೋರುವುದು ಹೀಗೆ: ಊರಿನ ಹೆಸರಿನಿಂದಲೇ ಆ ಹಸ್ತಿರಾಜನ ಹೆಸರು ರೂಪುಗೊಂಡಿರಬೇಕು. ಕಾವ್ಯಪರಂಪರೆಯ ಕಿವಿಗೆ ಆ ಹೆಸರಿನಲ್ಲಿ ಅರಸನಿಗಿಂತ ಆನೆಯೇ ಹೆಚ್ಚಾಗಿ ಕೇಳಿಸಿತೆಂಬುದಕ್ಕೆ ಗಜಸಾಹ್ವಯ, ನಾಗಸಾಹ್ವಯ, ವಾರಣಸಾಹ್ವಯ ಎಂಬ ಪರ್ಯಾಯಗಳೇ ಸಾಕ್ಷಿ; ನಮ್ಮ ಕುಮಾರವ್ಯಾಸನು ಗಜಪುರವೆಂದೂ ಇಭಪುರಿಯೆಂದೂ ಕರೆಯುವುದು ಇದೇ ಪದ್ಧತಿಯನ್ನು ಅನುಸರಿಸಿ. ಅರಸನ ಹೆಸರಿನಿಂದಲೇ ಬಂದ ಊರಾಗಿದ್ದಲ್ಲಿ ಅರಸನ ಹೆಸರಿಗೆ ಹೀಗೆ ಪರ್ಯಾಯಪದಗಳನ್ನು ಇಡುವುದು ಸಹಜವಲ್ಲ.

ಮೀರತ್ ಜಿಲ್ಲೆಯಲ್ಲಿ ಗಂಗೆಯ ಹಳೆಯ ಪಾತ್ರದ ಬಳಿ ಹಸ್ತಿನಾಪುರವೆಂಬ ಹೆಸರಿನ ದಿಣ್ಣೆಗಳಿವೆ. 1950ರಿಂದ 1952ರವರೆಗೆ ಪುರಾತತ್ತ್ವಜ್ಞ ಬಿ. ಬಿ. ಲಾಲರು ಅಲ್ಲಿ ಅಗೆದು ನೋಡಿದಾಗ, ಬೂದುಬಣ್ಣದ ಮೇಲೆ ಕಪ್ಪು ರೇಖೆಗಳನ್ನೆಳೆದ ತೆಳುವಾದ ಮಡಕೆಗಳ ಒಂದು ಸ್ತರವೂ, ಆ ವಸತಿಯನ್ನು ಗಂಗೆಯ ಮಹಾಪೂರ ಕೊಚ್ಚಿಕೊಂಡುಹೋದ ಗುರುತುಗಳೂ ಕಂಡುಬಂದುವು. ಗಂಗೆಯ ಪ್ರವಾಹಕ್ಕೆ ಹಸ್ತಿನಾಪುರ ಸಿಕ್ಕಿಹೋಗಲು ಪರೀಕ್ಷಿತನ ವಂಶದ ನಿಚಕ್ಷುವು ಕೌಶಾಂಬಿಗೆ ಹೋಗಿ ನೆಲಸಿದನೆಂದು ಪುರಾಣಗಳು ಹೇಳುವುದನ್ನು ಬಲ್ಲವರಿಗೆ ಇದು ರೋಮಾಂಚಕರವಾದ ವಾರ್ತೆಯೇ ಸರಿ. ಆದರೂ ನೆಲದೊಳಗಿಂದ ಬಂದದ್ದು ಮಡಕೆಯ ಚೂರು, ಮಣ್ಣಿನ ಪದರ. ಊರಿನ ಹೆಸರನ್ನು ಬರೆದ ಫಲಕವಲ್ಲ. ಹೆಸರನ್ನು ಉಳಿಸಿಕೊಟ್ಟದ್ದು ಜನರ ಬಾಯಿ ಮತ್ತು ಕಾವ್ಯ.

ಹೆಸರೂ ಕಥೆಯೂ ಒಂದನ್ನೊಂದು ಹಿಡಿದು ಹೇಗೆ ಬೆಳೆಯುತ್ತವೆಂಬುದಕ್ಕೆ ಪಂಜಾಬಿನ ಎರಡು ನದಿಗಳಷ್ಟು ಸೊಗಸಾದ ನಿದರ್ಶನವನ್ನು ನಾನು ಕಾಣೆ. ಆದಿಪರ್ವದಲ್ಲಿ ವಸಿಷ್ಠರ ಶೋಕದ ಒಂದು ಪ್ರಸಂಗವಿದೆ. ಕಲ್ಮಾಷಪಾದನೆಂಬ ಅರಸು ರಾಕ್ಷಸಾವಿಷ್ಟನಾಗಿ ವಸಿಷ್ಠರ ಮಗನಾದ ಶಕ್ತಿಯನ್ನೂ ಉಳಿದೆಲ್ಲ ಮಕ್ಕಳನ್ನೂ ನುಂಗಿದನು. ನೂರು ಮಕ್ಕಳನ್ನು ಕಳೆದುಕೊಂಡ ಮಹರ್ಷಿ, ಪ್ರತೀಕಾರದ ಶಕ್ತಿಯಿದ್ದರೂ ಪ್ರತೀಕಾರವನ್ನು ಎಣಿಸದೆ, ತನ್ನನ್ನೇ ಕೊನೆಗಾಣಿಸಿಕೊಳ್ಳಲು ನಿಶ್ಚಯಿಸಿದನು. ಮೇರುವಿನ ಶಿಖರದಿಂದ ಬಿದ್ದರೆ ಕಲ್ಲು ಹತ್ತಿಯ ರಾಶಿಯಂತಾಯಿತು. ಕಾಳ್ಗಿಚ್ಚನ್ನು ಹೊಕ್ಕರೆ ಬೆಂಕಿ ತಣ್ಣಗಾಯಿತು. ಕೊರಳಿಗೆ ಬಂಡೆಯನ್ನು ಕಟ್ಟಿಕೊಂಡು ಕಡಲಿಗೆ ಬಿದ್ದರೆ ಅಲೆಗಳು ದಡಕ್ಕೆ ತಂದು ಬಿಟ್ಟುವು. ಕೊನೆಗೆ ಮಳೆಗಾಲದ ಹೊಸನೀರಿನಿಂದ ತುಂಬಿ, ದಡದ ಮರಗಳನ್ನು ಕಿತ್ತುಕೊಂಡು ಹರಿಯುತ್ತಿದ್ದ ಒಂದು ನದಿಯನ್ನು ಕಂಡು, ಹಗ್ಗಗಳಿಂದ ತನ್ನ ಮೈಯನ್ನು ಬಿಗಿದುಕೊಂಡು ಅದರೊಳಗೆ ಧುಮುಕಿದನು. ನದಿಯು ಆ ಪಾಶಗಳನ್ನು ಕಡಿದು, ಕಟ್ಟಿಲ್ಲದವನನ್ನಾಗಿ ಮಾಡಿ ಅವನನ್ನು ನೆಲಕ್ಕೆ ಸೇರಿಸಿತು. ಮೇಲೆದ್ದ ಮಹರ್ಷಿ ಅದಕ್ಕೆ ವಿಪಾಶೆಯೆಂದು ಹೆಸರಿಟ್ಟನು. ಮೊಸಳೆಗಳಿಂದ ತುಂಬಿದ ಇನ್ನೊಂದು ಹಿಮವದ್ಗಿರಿಯ ನದಿಗೆ ಬೀಳಲು, ಆ ನದಿಯು ಇವನನ್ನು ಅಗ್ನಿಯೆಂದು ಭ್ರಮಿಸಿ ಬೆದರಿ ನೂರು ದಿಕ್ಕಿಗೆ ಓಡಿತು; ಅದು ಶತದ್ರುವಾಯಿತು. ಸಾಯಲಾರದೆ ಆಶ್ರಮಕ್ಕೆ ಹಿಂದಿರುಗುತ್ತಿದ್ದವನಿಗೆ ಬೆನ್ನ ಹಿಂದೆ ವೇದಘೋಷ ಕೇಳಿಸಿತು. ತಿರುಗಿ ನೋಡಿದರೆ ಸೊಸೆ ಅದೃಶ್ಯಂತಿ. ಘೋಷವು ಹೊರಟದ್ದು ಅವಳ ಗರ್ಭದಲ್ಲಿದ್ದ ಶಕ್ತಿಯ ಕೂಸಿನ ಬಾಯಿಂದ. ವಂಶ ಉಳಿದಿದೆಯೆಂದು ತಿಳಿದ ವಸಿಷ್ಠನು ಸಾವಿನ ಹಂಬಲವನ್ನು ಬಿಟ್ಟನು. ಆ ಕೂಸೇ ಪರಾಶರ.

ನೂರು ಮಕ್ಕಳ ದುಃಖವನ್ನು ಎರಡು ನದಿಗಳು ಬಿಡಿಸಿದುವೆಂಬ ಈ ಕಲ್ಪನೆಯ ಕಾರುಣ್ಯವನ್ನು ಎಷ್ಟು ಕೊಂಡಾಡಿದರೂ ತೀರದು. ಆದರೆ ಹೆಸರಿನ ಚರಿತ್ರೆಯನ್ನು ನೋಡಿದರೆ ಋಗ್ವೇದದಲ್ಲಿ ಈ ನದಿಗಳು ವಿಪಾಶ್ ಮತ್ತು ಶುತುದ್ರೀ. ಶುತುದ್ರಿಯಲ್ಲಿ ನೂರೆಂಬ ಅರ್ಥದ ಶತಶಬ್ದವೇ ಇಲ್ಲ. ಅರ್ಥ ಮಸುಕಾದ ಶುತು ಎಂಬುದು ಬಾಯಿಂದ ಬಾಯಿಗೆ ಸಾಗುತ್ತ ಅರ್ಥವುಳ್ಳ ಶತವಾಗಿ ಮಾರ್ಪಟ್ಟ ಬಳಿಕವೇ ನೂರು ದಿಕ್ಕಿಗೆ ಓಡಿದ ಕಥೆಗೆ ಅವಕಾಶವಾಯಿತು. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಮೂರನೆಯ ಮಂಡಲದ ಮೂವತ್ತಮೂರನೆಯ ಸೂಕ್ತದಲ್ಲಿ ಈ ಎರಡು ನದಿಗಳೊಡನೆ ಸಂವಾದ ನಡೆಸುವ ಋಷಿ ವಸಿಷ್ಠನಲ್ಲ, ವಿಶ್ವಾಮಿತ್ರ. ಬಂಡಿಗಳೊಡನೆಯೂ ರಥಗಳೊಡನೆಯೂ ಬಂದ ತನ್ನವರು ದಾಟಿಹೋಗುವಂತೆ ಅಚ್ಚುಗಳಿಗಿಂತ ಕೆಳಗೆ ತಗ್ಗಿ ಹರಿಯಿರೆಂದು ಅವನು ಬೇಡುತ್ತಾನೆ, ತಾಯಂದಿರಂತೆ ಅವು ಒಪ್ಪುತ್ತವೆ. ನದಿಗಳು ಋಷಿಯ ಮಾತಿಗೆ ಮಣಿದುವೆಂಬ ಪ್ರಾಚೀನವಾದ ಕೀರ್ತಿ ವಿಶ್ವಾಮಿತ್ರನದಾಗಿದ್ದರೆ, ಇತಿಹಾಸದ ಕಾಲಕ್ಕೆ ಅದೇ ನದಿಗಳ ಹೆಸರುಗಳೇ ವಸಿಷ್ಠನ ಮಹಿಮೆಗೆ ಸಾಕ್ಷಿಯಾಗಿ ನಿಂತುವು. ಎರಡು ಋಷಿಕುಲಗಳ ನಡುವಿನ ದೀರ್ಘವಾದ ಸ್ಪರ್ಧೆಯ ಒಂದು ಅಧ್ಯಾಯ ಇಲ್ಲಿ ಅಡಗಿದೆಯೆಂದು ನನ್ನ ಊಹೆ. ಯಾಸ್ಕನ ನಿರುಕ್ತದಲ್ಲಿ ವಸಿಷ್ಠನ ಪಾಶಗಳ ಪ್ರಸ್ತಾಪ ಆಗಲೇ ಬಂದಿದೆ. ಅದಕ್ಕೆ ಮುಂಚೆ ಆ ನದಿಗೆ ಉರುಂಜಿರಾ ಎಂಬ ಬೇರೆ ಹೆಸರಿತ್ತೆಂದೂ ಆತನು ಬರೆದಿಟ್ಟಿದ್ದಾನೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕ್ರಿ. ಪೂ. 326ರಲ್ಲಿ ಅಲೆಕ್ಸಾಂಡರನ ಸೈನ್ಯವು ಇನ್ನು ಮುಂದೆ ಬಾರೆವೆಂದು ನಿಂತದ್ದು ಈ ವಿಪಾಶೆಯ ದಡದಲ್ಲಿಯೇ. ಗ್ರೀಕರು ಅದನ್ನು ಹೈಫಾಸಿಸ್ ಎಂದು ಬರೆದರು. ಜನರ ಬಾಯಲ್ಲಿ ವಿಪಾಶೆಯು ಸವೆದು ಸವೆದು ಬಿಯಾಸ್ ಆಯಿತು. ಈಗ ಪಾಶವೂ ಕೇಳಿಸದು, ಬಿಡುಗಡೆಯೂ ಕೇಳಿಸದು. ಹಿಮಾಲಯದ ಜನ ಆ ಹೊಸ ಧ್ವನಿಯಲ್ಲಿ ವ್ಯಾಸನನ್ನು ಕಂಡರು. ರೋಹ್ತಾಂಗಿನ ಬಳಿ ನದಿಯು ಹುಟ್ಟುವೆಡೆಯಲ್ಲಿ ವ್ಯಾಸಮಹರ್ಷಿ ತಪಸ್ಸು ಮಾಡಿದನೆಂದು ಅಲ್ಲಿಯವರು ಹೇಳುತ್ತಾರೆ. ಅಲ್ಲಿಂದ ಕೆಳಗೆ ಮನಾಲಿಯ ಹತ್ತಿರ ಬಿಸಿನೀರಿನ ಬುಗ್ಗೆಗಳ ಬಳಿ ವಸಿಷ್ಠನ ಗುಡಿಯೂ ಅವನ ಹೆಸರಿನ ಹಳ್ಳಿಯೂ ಇವೆ. ವಸಿಷ್ಠನ ಮಗ ಶಕ್ತಿ, ಶಕ್ತಿಯ ಮಗ ಪರಾಶರ, ಪರಾಶರನ ಮಗ ವ್ಯಾಸ. ಹೆಸರಿನ ರೂಪ ಮಾರ್ಪಟ್ಟಾಗ ಕಥೆಯೂ ಮಾರ್ಪಟ್ಟಿತು, ಆದರೆ ನದಿಯು ಆ ಮನೆತನವನ್ನು ಬಿಟ್ಟುಹೋಗಲಿಲ್ಲ.

ಒಂದೇ ಹೆಸರಿಗೆ ಎರಡು ಕಥೆಗಳಿದ್ದಾಗ ಎರಡೂ ಹೆಸರಿಗಿಂತ ಈಚಿನವೆಂದು ಶಂಕಿಸುವುದು ಯುಕ್ತ. ಅಂಗದೇಶಕ್ಕೆ ರಾಮಾಯಣದಲ್ಲಿ ಮನ್ಮಥನ ಅಂಗಗಳು ಕಾರಣವಾದರೆ, ಭಾರತದಲ್ಲಿ ದೀರ್ಘತಮಸ್ಸಿನ ಮಗ ಕಾರಣ. ಕುರುಡನಾದ ಆ ಋಷಿಯನ್ನು ಮನೆಯವರು ತೆಪ್ಪಕ್ಕೆ ಕಟ್ಟಿ ಗಂಗೆಯಲ್ಲಿ ತೇಲಿಬಿಟ್ಟರು. ಬಲಿಯೆಂಬ ಅರಸು ಎತ್ತಿಕೊಂಡನು. ರಾಣಿ ಸುದೇಷ್ಣೆಯಲ್ಲಿ ಅಂಗ, ವಂಗ, ಕಲಿಂಗ, ಪುಂಡ್ರ, ಸುಹ್ಮರೆಂಬ ಐವರು ಹುಟ್ಟಿ ಐದು ದೇಶಗಳಿಗೆ ಹೆಸರಾದರು. ಅಥರ್ವವೇದವು ಜ್ವರವನ್ನು ಗಾಂಧಾರಿಗಳ ಕಡೆಗೂ ಅಂಗ ಮಗಧರ ಕಡೆಗೂ ಅಟ್ಟುವಾಗ ಈ ಎರಡು ಕಥೆಗಳಲ್ಲಿ ಯಾವುದನ್ನೂ ನೆನೆಯುವುದಿಲ್ಲ. ಅದಕ್ಕೆ ಅಂಗರು ದೂರದ ಪೂರ್ವದ ಜನ, ಅಷ್ಟೆ. ಫ್ರಾನ್ಸಿನ ಪಂಡಿತ ಸಿಲ್ವ್ಯಾಂ ಲೆವಿಯವರು 1923ರಲ್ಲಿ ಅಂಗ ವಂಗ, ಕಲಿಂಗ ತ್ರಿಲಿಂಗ, ಕೋಸಲ ತೋಸಲ, ಉತ್ಕಲ ಮೇಕಲ ಎಂಬೀ ಜೋಡಿ ಹೆಸರುಗಳನ್ನು ಒಟ್ಟಿಗಿಟ್ಟು, ಮೊದಲಕ್ಷರವೊಂದನ್ನು ಬದಲಿಸಿ ಜೋಡಿ ಹೆಸರುಗಳನ್ನು ಮಾಡುವ ಈ ಕ್ರಮ ಸಂಸ್ಕೃತದ್ದೂ ಅಲ್ಲ, ದ್ರಾವಿಡದ್ದೂ ಅಲ್ಲ, ಮುಂಡಾ ಮೊದಲಾದ ಭಾಷೆಗಳ ವರ್ಗಕ್ಕೆ ಸೇರಿದ್ದೆಂದು ವಾದಿಸಿದರು. ಎಲ್ಲ ಜೋಡಿಗಳ ವಿಷಯದಲ್ಲಿಯೂ ಈ ವಾದ ನಿಲ್ಲುವುದೋ ಇಲ್ಲವೋ, ಸಂಸ್ಕೃತದ ಉಡುಗೆಯಲ್ಲಿರುವ ಹೆಸರುಗಳೆಲ್ಲ ಸಂಸ್ಕೃತದಲ್ಲಿಯೇ ಹುಟ್ಟಿದುವಲ್ಲವೆಂಬ ಅದರ ಮೂಲಾಂಶವನ್ನು ಅಲ್ಲಗಳೆಯುವುದು ಕಷ್ಟ. ಈ ನೆಲದಲ್ಲಿ ಮೊದಲು ಉತ್ತು ಬಿತ್ತಿದವರು ತಮ್ಮ ಮಾತನ್ನು ಮರೆತಿರಬಹುದು; ಅವರಿಟ್ಟ ಹೆಸರು ಋಷಿಕಥೆಯ ಆಶ್ರಯವನ್ನು ಪಡೆದು ಬದುಕಿಕೊಂಡಿತು.

ವಿದೇಹದ ವಿಷಯದಲ್ಲಿ ಹಳೆಯ ಕಥೆಯೂ ಹೊಸ ಕಥೆಯೂ ಉಳಿದುಬಂದಿರುವುದು ನಮ್ಮ ಭಾಗ್ಯ. ಉತ್ತರಕಾಂಡವು ಹೇಳುವಂತೆ, ವಸಿಷ್ಠರ ಶಾಪದಿಂದ ನಿಮಿಯು ದೇಹವನ್ನು ಕಳೆದುಕೊಳ್ಳಲು, ಋಷಿಗಳು ಅವನ ಕಾಯವನ್ನು ಅರಣಿಯಿಂದ ಮಥಿಸಿದರು. ಮಥನದಿಂದ ಬಂದುದರಿಂದ ಆ ಮಗನು ಮಿಥಿ, ಹಾಗೆ ಜನಿಸಿದುದರಿಂದ ಜನಕ, ದೇಹವಿಲ್ಲದವನಿಂದ ಬಂದುದರಿಂದ ವೈದೇಹ. ಶತಪಥಬ್ರಾಹ್ಮಣದ ಕಥೆಯಲ್ಲಾದರೋ ವಿದೇಘ ಮಾಥವನೆಂಬ ಅರಸು ವೈಶ್ವಾನರಾಗ್ನಿಯನ್ನು ಬಾಯಲ್ಲಿ ಹಿಡಿದಿದ್ದನು. ಬಾಯಿ ತೆರೆದರೆ ಬೆಂಕಿ ಹೊರಬೀಳುವುದೆಂದು ಪುರೋಹಿತನಾದ ಗೋತಮ ರಾಹೂಗಣನ ಕರೆಗೂ ಅವನು ಓಗೊಡಲಿಲ್ಲ. ಗೋತಮನು ಮಂತ್ರದಲ್ಲಿ ತುಪ್ಪದ ಹೆಸರನ್ನೆತ್ತಿದೊಡನೆ ಅಗ್ನಿಯು ಬಾಯಿಂದ ಚಿಮ್ಮಿ, ಸರಸ್ವತಿಯ ದಡದಿಂದ ಪೂರ್ವಾಭಿಮುಖವಾಗಿ ಭೂಮಿಯನ್ನು ಸುಡುತ್ತ ಹೋಗಿ, ಸದಾನೀರೆಯೆಂಬ ನದಿಯನ್ನು ಮಾತ್ರ ದಾಟದೆ ನಿಂತಿತು. ಆ ನದಿಯ ಆಚೆಯ ಜೌಗುನೆಲದಲ್ಲಿ ಅರಸನು ನೆಲಸಿದನು, ಅಲ್ಲಿಯವರೇ ವಿದೇಹರು. ವಿದೇಘವೆಂಬುದರಲ್ಲಿ ದೇಹಕ್ಕೆ ಸಂಬಂಧವಿಲ್ಲ. ಘಕಾರವು ಹಕಾರವಾಗಿ ಸವೆದ ಮೇಲೆಯೇ ಬಿಡಿಸಿದರೆ ದೇಹವಿಲ್ಲದವನು ಸಿಕ್ಕುತ್ತಾನೆ. ಆದರೂ ನನ್ನ ಮನಸ್ಸನ್ನು ಸೆಳೆಯುವ ಅಂಶವೊಂದುಂಟು. ಮಾಥವನ ಹೆಸರಿನಲ್ಲಿಯೂ ಮಿಥಿಯ ಕಥೆಯಲ್ಲಿಯೂ ಅದೇ ಮಥನದ ಧ್ವನಿ. ಒಂದರಲ್ಲಿ ಅಗ್ನಿ, ಇನ್ನೊಂದರಲ್ಲಿ ಅಗ್ನಿಯನ್ನು ಕಡೆಯುವ ಅರಣಿ. ಅಗ್ನಿಯನ್ನು ಹೊತ್ತು ತಂದು ಕಾಡನ್ನು ಸುಟ್ಟು ನೆಲೆಯೂರಿದ ಪೂರ್ವಜರ ನೆನಪು, ವಿವರಗಳೆಲ್ಲ ಮರೆತ ಮೇಲೂ ಅರಣಿಯ ರೂಪದಲ್ಲಿ ಹೊಸ ಕಥೆಯೊಳಗೆ ಉಳಿದುಕೊಂಡಿತೆಂದು ನಾನು ನಂಬುತ್ತೇನೆ.

ಮತ್ತೊಂದು ವಿಷಯ. ಹೆಸರಿನ ಕಥೆಯನ್ನು ಮಹಾಕವಿಗಳು ಎಲ್ಲೆಂದರಲ್ಲಿ ಇಡುವುದಿಲ್ಲ. ಶೋಣತೀರದಲ್ಲಿ ರಾಮನು ಈ ಸಮೃದ್ಧವನದ ದೇಶ ಯಾರದೆಂದು ಕೇಳಿದಾಗ ವಿಶ್ವಾಮಿತ್ರನು ಹೇಳತೊಡಗುವುದು ತನ್ನ ಮನೆಯ ಕಥೆಯನ್ನೇ. ಕುಶನೆಂಬ ರಾಜರ್ಷಿಗೆ ನಾಲ್ವರು ಮಕ್ಕಳು; ಅವರಲ್ಲಿ ಕುಶಾಂಬನದು ಕೌಶಾಂಬಿ, ಕುಶನಾಭನದು ಮಹೋದಯ, ವಸುವಿನದು ಐದು ಬೆಟ್ಟಗಳ ನಡುವಣ ಗಿರಿವ್ರಜ. ಕುಶನಾಭನ ನೂರು ಹೆಣ್ಣುಮಕ್ಕಳು ವಾಯುವಿನ ಬೇಡಿಕೆಯನ್ನು ನಿರಾಕರಿಸಿ, ಅವನ ಸಿಟ್ಟಿಗೆ ಮೈ ಮುರಿದು ಗೂನಾದರು. ಮಹೋದಯಕ್ಕೆ ಕನ್ಯಾಕುಬ್ಜವೆಂಬ ಹೆಸರು ಈ ಕಥೆಯಿಂದಲೇ ಬಂದುದೆಂದು ಪ್ರತೀತಿ. ಇಂದಿನ ಕನೌಜ್ ಅದೇ. ಆ ಕುಶನಾಭನು ವಿಶ್ವಾಮಿತ್ರನ ಅಜ್ಜ. ತಂದೆ ಗಾಧಿಯ ಹುಟ್ಟು, ಕೌಶಿಕೀನದಿಯಾಗಿ ಹರಿದ ಅಕ್ಕ ಸತ್ಯವತಿಯ ಸುದ್ದಿ ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಅರ್ಧರಾತ್ರಿ ಕಳೆದಿದೆ. ಮರಗಳು ಅಲುಗದೆ ನಿಂತಿವೆ. ಅಕ್ಕನ ಮೇಲಣ ಅಕ್ಕರೆಯಿಂದ ಹಿಮವಂತದ ತಪ್ಪಲಲ್ಲಿ, ಆ ನದಿಯ ಬಳಿಯಲ್ಲಿಯೇ ತಾನು ಇರುತ್ತೇನೆಂದು ಆ ಉಗ್ರತಪಸ್ವಿ ಮಕ್ಕಳ ಮುಂದೆ ಹೇಳಿಕೊಳ್ಳುವನಲ್ಲ, ಅಲ್ಲಿ ಅವನು ನಮಗೆ ಬೇರೆಲ್ಲೂ ಕಾಣದಷ್ಟು ಹತ್ತಿರದವನಾಗಿ ಕಾಣುತ್ತಾನೆ.

ಕುರುಕ್ಷೇತ್ರದ ಕಥೆಯೂ ತನ್ನ ಸ್ಥಾನವನ್ನು ಅರಿತು ನಿಂತಿದೆ. ಕುರುಕ್ಷೇತ್ರವು ದೇವತೆಗಳ ಯಜ್ಞವೇದಿಯೆಂಬುದು ಬ್ರಾಹ್ಮಣಗ್ರಂಥಗಳ ಮಾತು. ತೈತ್ತಿರೀಯ ಆರಣ್ಯಕವು ಖಾಂಡವವನ್ನು ಆ ವೇದಿಯ ದಕ್ಷಿಣದ ಅಂಚೆಂದು ಎಣಿಸುತ್ತದೆ. ಪರಶುರಾಮನು ರಕ್ತದಿಂದ ತುಂಬಿದ ಐದು ಮಡುಗಳಿಂದ ಇದಕ್ಕೆ ಬಂದ ಸಮಂತಪಂಚಕವೆಂಬ ಹೆಸರನ್ನು ಆದಿಪರ್ವದ ಆರಂಭದಲ್ಲಿಯೇ ಕೇಳುತ್ತೇವೆ. ಆದರೆ ಕುರುವಿನ ಕಥೆ ಬರುವುದು ಶಲ್ಯಪರ್ವದಲ್ಲಿ, ಯುದ್ಧವೆಲ್ಲ ತೀರಿ ದುರ್ಯೋಧನನ ಗದಾಯುದ್ಧವೊಂದು ಉಳಿದಿರುವಾಗ, ತೀರ್ಥಯಾತ್ರೆಯಿಂದ ಮರಳುತ್ತಿರುವ ಬಲರಾಮನ ಕಿವಿಗೆ. ರಾಜರ್ಷಿ ಕುರುವು ಈ ನೆಲವನ್ನು ಉಳುತ್ತಿದ್ದನು. ಇಂದ್ರನು ಇಳಿದುಬಂದು, ಏಕೆ ಉಳುವೆಯೆಂದು ಕೇಳಲು, ಇಲ್ಲಿ ಸತ್ತವರು ಪುಣ್ಯಲೋಕಕ್ಕೆ ಹೋಗಲೆಂದು ಉಳುತ್ತಿರುವೆನೆಂದನು. ಇಂದ್ರನು ನಕ್ಕು ಹೋದನು, ಮತ್ತೆ ಬಂದನು, ಮತ್ತೆ ನಕ್ಕು ಹೋದನು, ಕುರುವು ಉಳುತ್ತಲೇ ಇದ್ದನು. ಕಡೆಗೆ, ಯಜ್ಞ ಮಾಡದೆಯೇ ಮನುಷ್ಯರು ಸ್ವರ್ಗಕ್ಕೆ ಬಂದರೆ ತಮ್ಮ ಹವಿರ್ಭಾಗ ತಪ್ಪುವುದೆಂದು ದೇವತೆಗಳು ಅಂಜಿದುದರಿಂದ, ಇಂದ್ರನು ರಾಜಿಗೆ ಬಂದು, ಉಪವಾಸವ್ರತದಿಂದಲೋ ಯುದ್ಧದಲ್ಲಿಯೋ ಇಲ್ಲಿ ಮಡಿದವರಿಗೆ ಸ್ವರ್ಗವೆಂದು ವರವಿತ್ತನು. ಇದನ್ನು ಕೇಳಿ ಬಂದ ಬಲರಾಮನೇ, ಗದಾಯುದ್ಧವು ಸಮಂತಪಂಚಕದಲ್ಲಿ ನಡೆಯಲಿ, ಅಲ್ಲಿ ಬಿದ್ದವನಿಗೆ ಸ್ವರ್ಗ ನಿಶ್ಚಿತವೆಂದು ಹೇಳಿ ಎಲ್ಲರನ್ನೂ ಕರೆದೊಯ್ಯುತ್ತಾನೆ. ತೊಡೆ ಮುರಿದು ಬೀಳಲಿರುವವನು ಬೀಳುವುದು ತನ್ನ ಮೂಲಪುರುಷನು ಉತ್ತ ಹೊಲದಲ್ಲಿ.

ನಮ್ಮ ನಾಡಿಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಹೇಳದೆ ಬಿಡಲಾಗದು. ಕಿಷ್ಕಿಂಧೆಯನ್ನು ತುಂಗಭದ್ರೆಯ ದಡದಲ್ಲಿ ಕಾಣುವ ಪರಂಪರೆ ಹಳೆಯದು. ಮತಂಗಪರ್ವತ, ಮಾಲ್ಯವಂತ, ಋಷ್ಯಮೂಕ, ಪಂಪಾಸರೋವರ ಎಲ್ಲವನ್ನೂ ಅಲ್ಲಿಯ ಜನ ಕೈದೋರಿ ಹೇಳುತ್ತಾರೆ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಂಪೆಯು ಕನ್ನಡಿಗರ ನಾಲಗೆಯಲ್ಲಿ ಹಂಪೆಯಾಯಿತು. ಹೊಳೆಯ ಆಚೆ ದಡದಲ್ಲಿ ನಡೆದುದು ಇದಕ್ಕೆ ತದ್ವಿರುದ್ಧವಾದುದು. ಅಲ್ಲಿಯ ಊರಿಗೆ ಅಚ್ಚಗನ್ನಡದ ಹೆಸರು, ಆನೆಗೊಂದಿ. ಗೊಂದಿಯೆಂದರೆ ಇಕ್ಕಟ್ಟಾದ ಓಣಿ, ಮೂಲೆ. ವಿಜಯನಗರದ ಕಾಲದ ಶಾಸನಕವಿಗಳು ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಕುಂಜರಕೋಣವೆಂದರು; ಅಷ್ಟಕ್ಕೆ ತೃಪ್ತರಾಗದೆ ಹಸ್ತಿನಾವತಿಯೆಂದೂ ಕರೆದು, ಕುರುಗಳ ರಾಜಧಾನಿಯ ಘನತೆಯನ್ನು ಅದಕ್ಕೆ ತಂದರು. ಕನ್ನಡದ ಹೆಸರಿನಿಂದ ಸಂಸ್ಕೃತದ ಹೆಸರು ನಮ್ಮ ಕಣ್ಣೆದುರಿನ ಕಾಲದಲ್ಲಿಯೇ ಹೀಗೆ ಸಿದ್ಧವಾದುದನ್ನು ಕಂಡವರಿಗೆ, ಉತ್ತರದ ಎಷ್ಟೋ ಪ್ರಾಚೀನ ನಾಮಗಳ ಹಿಂದೆ ಇಂಥ ಎಷ್ಟು ಊರಮಾತುಗಳು ಮರೆಯಾಗಿರಬಹುದೆಂಬ ಆಲೋಚನೆ ಬಾರದಿರದು. ಇಲ್ಲಿ ಮಾತ್ರ ಮೂಲದ ಹೆಸರು ಮರೆಯಾಗಲಿಲ್ಲ. ಹಸ್ತಿನಾವತಿಯೂ ಕುಂಜರಕೋಣವೂ ಶಾಸನದ ಕಲ್ಲುಗಳಲ್ಲಿ ನಿಂತಿವೆ. ಹರಿಗೋಲಿನಲ್ಲಿ ಹೊಳೆ ದಾಟಿಸುವ ಅಂಬಿಗನನ್ನು ಕೇಳಿದರೆ ಆತ ಹೇಳುವುದು ಆನೆಗೊಂದಿಯೆಂದೇ.